ಅರಿಶಿನ ಹಚ್ಚಿಸಿಕೊಂಡ ಗೋರಿಯ ಬಾಗಿಲು

ಅರಿಶಿನ ಕಲ್ಲಿಗೆ ಒಮ್ಮೆ ಹತ್ತಿದರೆ ಬಿಡುವುದಿಲ್ಲ ಎಂಬುದು ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ಈ ಶನಿವಾರ ಬೆಳಿಗ್ಗೆ ಒಂಬತ್ತರಿಂದ, ಹಿಲ್ಸ್‌ಬರೋದ ನಮ್ಮ ಚಿಕ್ಕಮ್ಮನ ಗರಾಜಿನಲ್ಲಿ ಕೂತು, ಒಂದು ಬಕೆಟ್ ನೀರು ಮತ್ತು ಮಕ್ಕಳು ಹಲ್ಲುಜ್ಜುವ ಮೆತ್ತನೆಯ ಬ್ರಷ್ ಹಿಡಿದು, ಕಲ್ಲಿನ ಹೆಂಗಸೊಬ್ಬಳ ಕೆನ್ನೆ ತೊಳೆಯುತ್ತಿದ್ದೇನೆ. ಸೋಪು ಹಾಕುವಂತಿಲ್ಲ, ನಿಂಬೆಹಣ್ಣು ತಿಕ್ಕುವಂತಿಲ್ಲ, ಬಲವಾಗಿ ಉಜ್ಜುವಂತಿಲ್ಲ. ಬರೀ ನೀರು, ಬರೀ ತಾಳ್ಮೆ. ಎರಡನೆಯದು ನನ್ನಲ್ಲಿ ಸ್ಟಾಕ್ ಇಲ್ಲ. ನೀರು ಬಿದ್ದ ಕೂಡಲೇ ಎರಡು ವರ್ಷ ಹಳೆಯ ಅರಿಶಿನ ಇವತ್ತು ಅರೆದಂತೆ ಘಮ್ಮೆನ್ನುತ್ತದೆ. ಆ ವಾಸನೆಗೆ ಬೇರೆಯವರಿಗೆ ಹಬ್ಬ ನೆನಪಾಗಬಹುದು, ಹೋಳಿಗೆ ನೆನಪಾಗಬಹುದು. ನನಗೆ ಸಿಟ್ಟು ಬರುತ್ತದೆ.

ಯಾರ ಮೇಲೆ ಎಂದು ಕೇಳಿದರೆ ಬಹಳ ಜನರಿದ್ದಾರೆ, ಕ್ಯೂ ನಿಲ್ಲಿಸಿ ಬೈಯಬೇಕು. ಆ ಕ್ಯೂನಲ್ಲಿ ಮೊದಲು ನಿಂತಿರುವವನು ನಾನೇ. ಆದರೆ ಬೈಸಿಕೊಳ್ಳುವ ಸರದಿ ಬಂದಾಗ ಹಿಂದಿನವರಿಗೆ ದಾರಿ ಬಿಟ್ಟುಕೊಡುವ ಸೌಜನ್ಯ ನನಗೆ ಚಿಕ್ಕಂದಿನಿಂದಲೂ ಇದೆ.

ನನ್ನ ಪರಿಚಯ ಮುಗಿಸಿಬಿಡುತ್ತೇನೆ. ಹೋಬೋಕನ್ನಿನಲ್ಲಿ ಇಬ್ಬರು ರೂಮ್‌ಮೇಟುಗಳ ಜೊತೆ ಇರುವವನು. ನದಿಯಾಚೆ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕೂತು ಅವರಿವರ ಮನೆಯ ಸೋರುವ ಪೈಪುಗಳ ಬಗ್ಗೆ ಗಂಭೀರ ಇಮೇಲ್ ಬರೆಯುವವನು. ವಾರಾಂತ್ಯಕ್ಕೆ ಚಿಕ್ಕಮ್ಮನ ಮನೆಗೆ ಬಂದು ಸಾರನ್ನ ಉಂಡು, ಒಂದು ಮೂಟೆ ಬಟ್ಟೆ ಒಗೆದುಕೊಂಡು ಹೋಗುವವನು. ನನಗೆ ಒಲಿದಿರುವುದು ಒಂದೇ ವಿದ್ಯೆ, ಅಣಕ. ಯಾರನ್ನಾದರೂ ಹತ್ತು ನಿಮಿಷ ನೋಡಿದರೆ ಸಾಕು, ಅವರ ಹಾಗೆ ಕೆಮ್ಮಬಲ್ಲೆ, ಅವರ ಹಾಗೆ ಕುರ್ಚಿಯಿಂದ ಏಳಬಲ್ಲೆ. ನಮ್ಮ ಕನ್ನಡ ಕೂಟದ ಸಮಾರಂಭಗಳಲ್ಲಿ ನನ್ನ ಐಟಂ ಊಟಕ್ಕೆ ಮುಂಚೆ ಇರುತ್ತದೆ. ಊಟದ ವ್ಯಾನು ತಡವಾದರೆ ಎರಡು ಸಲ ಇರುತ್ತದೆ. ಅಧ್ಯಕ್ಷರು ಮೈಕನ್ನು ಬಿಸಿ ಕಾಫಿಯಂತೆ ಊದಿ ನೋಡುವುದನ್ನು ಮಾಡಿ ತೋರಿಸಿದಾಗ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದರು, ಮುಂದಿನ ಎರಡು ಕಾರ್ಯಕ್ರಮಕ್ಕೆ ನನ್ನನ್ನು ಕರೆಯಲಿಲ್ಲ. ನನ್ನನ್ನೂ ನಾನು ಬಿಡುವುದಿಲ್ಲ. ಬಾಸ್ ಮುಂದೆ "ಶೂರ್, ಶೂರ್" ಎನ್ನುತ್ತಾ ನಾನು ಕೋಳಿಯಂತೆ ಕತ್ತು ಆಡಿಸುವುದು ನನ್ನದೇ ಹಿಟ್ ಐಟಂ.

ಇನ್ನು ಚಿಕ್ಕಪ್ಪ. ಧಾರವಾಡದ ಕಡೆಯವರು, ಪ್ರಿನ್ಸ್‌ಟನ್ ಹತ್ತಿರ ಔಷಧಿ ಕಂಪನಿಯೊಂದರಲ್ಲಿ ಮಾತ್ರೆಗಳ ಗುಣಮಟ್ಟ ನೋಡುವ ಕೆಲಸ. ವಾರದ ಐದು ದಿನ ಯಾವ ಮಾತ್ರೆಯನ್ನೂ ನಂಬದ ಮನುಷ್ಯ, ಶನಿವಾರ ಬಂತೆಂದರೆ ಕಂಡದ್ದನ್ನೆಲ್ಲ ನಂಬುತ್ತಾರೆ. ಶನಿವಾರ ಎಸ್ಟೇಟ್ ಸೇಲ್ ದಿನ. ಎಸ್ಟೇಟ್ ಸೇಲ್ ಎಂದರೆ ಹೀಗೆ: ಇಲ್ಲಿ ಒಬ್ಬ ವಯಸ್ಸಾದವರು ತೀರಿಕೊಂಡರೆ, ಮಕ್ಕಳು ದೂರದ ಊರುಗಳಿಂದ ಬಂದು, ಮನೆಯಲ್ಲಿರುವ ಒಂದೊಂದು ವಸ್ತುವಿಗೂ ಚೀಟಿ ಅಂಟಿಸಿ ಬಾಗಿಲು ತೆರೆದಿಡುತ್ತಾರೆ. ಗುರುತು ಪರಿಚಯವಿಲ್ಲದ ಜನ ನುಗ್ಗಿ ಕಪಾಟು ತೆರೆದು, ಹಾಸಿಗೆ ಒತ್ತಿ ನೋಡಿ, ಬೇಕಾದ್ದನ್ನು ಹೊತ್ತುಕೊಂಡು ಹೋಗುತ್ತಾರೆ. ಚಿಕ್ಕಪ್ಪ ಕಾಲು ಚಾಚಿ ಕೂರುವ ರಿಕ್ಲೈನರ್ ಸತ್ತುಹೋದ ದಂತವೈದ್ಯರೊಬ್ಬರದು. ನಾವು ಊಟ ಮಾಡುವ ಮೇಜು ಸತ್ತುಹೋದ ಪಿಯಾನೋ ಟೀಚರೊಬ್ಬರದು. ಹಬ್ಬಕ್ಕೆ ಹೊರಬರುವ ಚಿನ್ನದಂಚಿನ ತಟ್ಟೆಗಳು ಯಾರದೆಂದು ಯಾರಿಗೂ ಗೊತ್ತಿಲ್ಲ, ಅವರು ಸತ್ತಿದ್ದಾರೆ ಎಂಬುದಷ್ಟು ಖಚಿತ.

ಅಂಥ ಒಂದು ಶನಿವಾರ ಪ್ರಿನ್ಸ್‌ಟನ್ ಆಚೆಯ ದೊಡ್ಡ ಮನೆಯೊಂದರ ಹಿತ್ತಲಿನಲ್ಲಿ, ತುಕ್ಕು ಹಿಡಿದ ಹುಲ್ಲು ಕತ್ತರಿಸುವ ಯಂತ್ರದ ಪಕ್ಕ, ಈ ಕಲ್ಲು ಗೋಡೆಗೆ ಒರಗಿ ನಿಂತಿತ್ತು. ಸೊಂಟದೆತ್ತರದ ಬೂದು ಚಪ್ಪಡಿ. ಅದರ ಮೇಲೆ ಎರಡು ಕದದ ಬಾಗಿಲನ್ನು ಕೆತ್ತಿದ್ದಾರೆ. ಕದಗಳ ತುಂಬ ಸಾಲಾಗಿ ದಪ್ಪ ತಲೆಯ ಮೊಳೆಗಳು, ಒಂದೊಂದು ಕದದ ನಡುವೆ ಒಂದೊಂದು ಮೃಗದ ಮುಖ, ಅದರ ಬಾಯಲ್ಲಿ ಬಳೆ. ಒಂದು ಕದ ಮುಚ್ಚಿದೆ, ಇನ್ನೊಂದು ಒಂದಿಷ್ಟೇ ಸರಿದಿದೆ. ಆ ಸಂದಿನಿಂದ ಒಬ್ಬಳು ಇಣುಕುತ್ತಿದ್ದಾಳೆ: ಅರ್ಧ ಮುಖ, ಎತ್ತಿ ಕಟ್ಟಿದ ತುರುಬು, ಕದದ ಅಂಚು ಹಿಡಿದ ನಾಲ್ಕು ಬೆರಳು, ನೆರಿಗೆಯ ಕೆಳಗೆ ಒಂದು ಪಾದದ ತುದಿ. ಚೀಟಿಯ ಮೇಲೆ "ಏಶಿಯನ್, ಡೆಕೊರೇಟಿವ್" ಎಂದು ಬರೆದಿತ್ತು.

"ಏಶಿಯನ್ ಅಂದ್ರ ನಾವೂ ಏಶಿಯನ್ನ ಅಲ್ಲೇನು?" ಎಂದರು ಚಿಕ್ಕಪ್ಪ. "ಆ ಸಿಂಹದ ಮಾರಿ ನೋಡು. ನಮ್ಮ ಗುಡಿ ಬಾಗಲದ ಮ್ಯಾಲ ಇರತದಲ್ಲ, ಅದ ಇದು. ನಾ ಪೂರಾ ರಿಸರ್ಚ್ ಮಾಡೇನಿ."

ಅವರ ರಿಸರ್ಚ್ ಎಂದರೆ ಕಾರಿನಿಂದ ಹಿತ್ತಲವರೆಗೆ ನಡೆಯುತ್ತ ಫೋನು ನೋಡಿದ್ದು. ಚಿಕ್ಕಮ್ಮನಿಗೆ ಅದೂ ಬೇಕಾಗಲಿಲ್ಲ. ಅವರು ಮೈಸೂರಿನವರು, ಕಣ್ಣಿಗೆ ಕಂಡದ್ದನ್ನು ನೇರವಾಗಿ ಹೇಳುತ್ತಾರೆ.

"ನೋಡ್ರೀ, ಬಾಗ್ಲು ತೆಕ್ಕೊಂಡು ಒಳಗೆ ಬರ್ತಿದಾಳೆ. ಲಕ್ಷ್ಮಿ ಅಲ್ದೆ ಇನ್ಯಾರು? ಪುಟ್ಟಾ, ಕಾಲು ನೋಡೋ, ಬಲಗಾಲಾ?"

ಮದುವಣಗಿತ್ತಿ ಮನೆಗೆ ಬಂದರೂ ಅಷ್ಟೇ, ಹೊಸ ಬಾಡಿಗೆ ಫ್ಲಾಟಿಗೆ ಕಾಲಿಟ್ಟರೂ ಅಷ್ಟೇ, ಬಲಗಾಲು ಮುಂದಿರಬೇಕು. ನಾವು ಮೂವರೂ ಸತ್ತವರ ಹಿತ್ತಲಿನ ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ, ಕಲ್ಲಿನ ಪಾದದ ಹೆಬ್ಬೆರಳು ಯಾವ ಕಡೆಗಿದೆ ಎಂದು ಪರೀಕ್ಷಿಸಿದೆವು. ಬಲಗಾಲೇ. ಅಲ್ಲಿಗೆ ತೀರ್ಮಾನವಾಯಿತು. ಆ ಮನೆಯವರಲ್ಲೊಬ್ಬನನ್ನೂ ಸೇರಿಸಿಕೊಂಡು ನಾಲ್ಕು ಜನ ಬಾಡಿಗೆ ವ್ಯಾನಿಗೆ ಏರಿಸಿದೆವು. ಆವತ್ತಿನಿಂದ ಮಳೆ ಬರುವುದು ನನಗೆ ಹವಾಮಾನ ವರದಿಗಿಂತ ಮುಂಚೆ ಸೊಂಟದಲ್ಲಿ ಗೊತ್ತಾಗುತ್ತದೆ.

ಈಗ ಲಿನ್ ಅಜ್ಜಿಯ ವಿಷಯ ಹೇಳಬೇಕು. ಈ ಪ್ರಬಂಧ ಕಲ್ಲಿನದು ಎಂದು ನೀವು ಅಂದುಕೊಂಡಿದ್ದರೆ, ಅಲ್ಲ, ಅಜ್ಜಿಯದು. ಚಿಕ್ಕಮ್ಮನ ಹಿತ್ತಲಿನ ಬೇಲಿಯಾಚೆ ಮಗಳು ಮತ್ತು ಮೊಮ್ಮಗಳ ಜೊತೆ ಇರುವವರು, ಚೀನಾದವರು. ಎಪ್ಪತ್ತು ದಾಟಿರಬಹುದು. ಅವರಿಗೆ ಇಂಗ್ಲಿಷ್ ಬಾರದು, ಚಿಕ್ಕಮ್ಮನಿಗೆ ಬಂದರೂ ಅಲ್ಲಿ ಉಪಯೋಗವಿಲ್ಲ. ಒಂದು ಬೇಸಿಗೆಯಲ್ಲಿ ಚಿಕ್ಕಮ್ಮ ಬೇಲಿಯ ಮೇಲಿಂದ ಎರಡು ಹೀರೇಕಾಯಿ ಕೊಟ್ಟರು, ಅಜ್ಜಿ ಬೆಳ್ಳುಳ್ಳಿ ವಾಸನೆಯ ಉದ್ದುದ್ದ ಸೊಪ್ಪಿನ ಕಟ್ಟು ಕೊಟ್ಟರು, ಚಿಕ್ಕಮ್ಮ ಅದರಲ್ಲಿ ಪಕೋಡ ಕರಿದು ವಾಪಸ್ ಕಳಿಸಿದರು. ಆಮೇಲೆ ದಿನಾ ನಾಲ್ಕು ಗಂಟೆಗೆ ಇಬ್ಬರೂ ರಸ್ತೆಯ ಕೊನೆಯವರೆಗೆ ನಡೆದು ಬರುವುದು ಶುರುವಾಯಿತು. ಇವರು ಕನ್ನಡದಲ್ಲಿ, ಅವರು ತಮ್ಮೂರ ಮಾತಿನಲ್ಲಿ, ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಒಟ್ಟಿಗೇ ನಗುತ್ತಿದ್ದರು.

"ಏನ್ ಹೇಳಿದ್ರು ಚಿಕ್ಕಮ್ಮ ಅಜ್ಜಿ?" ಎಂದು ನಾನು ಕೆಣಕುತ್ತಿದ್ದೆ.

"ಸೊಸೆ ವಿಷ್ಯ ಕಣೋ. ಪಾಪ."

"ಅವರಿಗೆ ಸೊಸೆನೇ ಇಲ್ಲ. ಮಗಳ ಮನೇಲಿ ಇರೋದು."

"ಹಾಗಾದ್ರೆ ಅಳಿಯನ ವಿಷ್ಯ. ನಿಂಗ್ಯಾಕೆ?"

ಚಿಕ್ಕಪ್ಪ ಆಫೀಸಿಗೆ, ಮಕ್ಕಳಿಬ್ಬರೂ ಕಾಲೇಜಿಗೆಂದು ಬೇರೆ ರಾಜ್ಯಗಳಿಗೆ. ಹಗಲೆಲ್ಲ ಆ ಮನೆಯಲ್ಲಿ ಚಿಕ್ಕಮ್ಮನಿಗೆ ಮಾತಿಗೆ ಸಿಗುತ್ತಿದ್ದ ಒಂದೇ ಜೀವ ಆ ಅಜ್ಜಿ.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲ್ಲು ಕಲಶದ ಪಕ್ಕ ಬಂದು ನಿಂತಿತು. ಶುಕ್ರವಾರದ ಹಬ್ಬ ರಜೆಯ ಅನುಕೂಲಕ್ಕೆ ಶನಿವಾರವಾಗಿತ್ತು. ಇಲ್ಲಿ ದೇವರುಗಳೂ ವೀಕೆಂಡ್ ನೋಡಿಕೊಂಡು ಬರುತ್ತಾರೆ. ಚಿಕ್ಕಮ್ಮ ಕಲ್ಲಿನ ಹೆಂಗಸಿನ ಕೆನ್ನೆಗೆ ಗಟ್ಟಿಯಾಗಿ ಕಲಸಿದ ಅರಿಶಿನ ಬಳಿದು, ಹಣೆಗೆ ಕುಂಕುಮವಿಟ್ಟು, ಕದದ ಮೇಲಿನ ಮೊಳೆಗೆ ಮಲ್ಲಿಗೆ ಮಾಲೆ ಸಿಕ್ಕಿಸಿದ್ದರು. ಅರಿಶಿನ ಕುಂಕುಮಕ್ಕೆ ಹದಿನೈದು ಜನ ಹೆಂಗಸರು ಬಂದಿದ್ದರು. ಲಿನ್ ಅಜ್ಜಿಯನ್ನೂ ಕರೆದಿದ್ದೇನೆ ಎಂದಾಗ ಒಬ್ಬ ಆಂಟಿ ದನಿ ತಗ್ಗಿಸಿ, "ಅವರ ಯಜಮಾನ್ರು ಇದಾರಾ?" ಎಂದು ಕೇಳಿದರು.

"ನಾನು ಕೇಳಿಲ್ಲ. ನೀವೂ ಕೇಳ್ಬೇಡಿ," ಎಂದರು ಚಿಕ್ಕಮ್ಮ. ಆ ದಿನ ಆ ಮನೆಯಲ್ಲಿ ಕೇಳಿಸಿದ ಬುದ್ಧಿಯ ಮಾತು ಅದೊಂದೇ.

ಅಜ್ಜಿ ಬಂದರು. ಕಂದು ರೇಷ್ಮೆಯ ಮೇಲಂಗಿ, ಕೈಯಲ್ಲಿ ಕಿತ್ತಳೆಹಣ್ಣಿನ ತಟ್ಟೆ. ಬಾಗಿಲಲ್ಲಿ ಕಪ್ಪು ಬಟ್ಟೆಯ ಶೂ ಬಿಚ್ಚಿಟ್ಟು, ನಗುತ್ತ ಒಳಗೆ ಬಂದವರು ಕಲ್ಲನ್ನು ನೋಡಿ ನಿಂತುಬಿಟ್ಟರು. ಅದರ ಎದುರು ಎರಡು ದೀಪ ಉರಿಯುತ್ತಿದ್ದವು. ಹೆಂಗಸರು ತಾಯೀ ಮನೆಯೊಳಗೆ ಬಾ ಎಂದು ಕರೆಯುವ ಹಾಡು ಹಾಡುತ್ತಿದ್ದರು. ಅಜ್ಜಿ ತಟ್ಟೆಯನ್ನು ಮೆಲ್ಲಗೆ ನೆಲದ ಮೇಲಿಟ್ಟರು. ಎರಡು ಕೈ ಜೋಡಿಸಿ ಮೂರು ಸಲ ಸೊಂಟದವರೆಗೆ ಬಾಗಿದರು. ಆಮೇಲೆ ಕಲ್ಲಿಗೆ ಬೆನ್ನು ತೋರಿಸದೆ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ, ದಾರಿಯಲ್ಲಿ ಕೂತಿದ್ದವರ ಸೀರೆ ತುಳಿಯದಂತೆ ಹಿಮ್ಮಡಿಯಲ್ಲಿ ತಡವಿಕೊಳ್ಳುತ್ತ, ಚಪ್ಪಲಿ ಸ್ಟ್ಯಾಂಡಿಗೆ ಒಮ್ಮೆ ಡಿಕ್ಕಿ ಹೊಡೆದು, ಹಾಗೇ ಹೊರಗೆ ಹೋಗಿಬಿಟ್ಟರು. ಚಿಕ್ಕಮ್ಮ ಕುಂಕುಮದ ಬಟ್ಟಲು ಹಿಡಿದು ಹಿಂದೆ ಹೋದರು. ಅಷ್ಟರಲ್ಲಿ ಅಜ್ಜಿ ಹುಲ್ಲು ದಾಟಿದ್ದರು.

"ಕುಂಕುಮ ಕೊಡೋಕೆ ಹೋದ್ರೆ ಓಡ್ಹೋದ್ರಲ್ಲ," ಎಂದರು ಚಿಕ್ಕಮ್ಮ ವಾಪಸ್ ಬಂದು. ಮುಖ ಸಣ್ಣದಾಗಿತ್ತು. ಹಾಡು ಅರ್ಧಕ್ಕೇ ನಿಂತಿತ್ತು. ಅಂಥ ಹೊತ್ತಿನಲ್ಲಿ ಎಲ್ಲರೂ ನನ್ನ ಕಡೆ ನೋಡುತ್ತಾರೆ.

"ಪುಟ್ಟಾ, ನೀನ್ ಮಾಡೋ ಒಂದ್ಸಲ," ಎಂದರು ಒಬ್ಬ ಆಂಟಿ.

ಮಾಡಿದೆ. ಸೋಫಾ ಮೇಲಿದ್ದ ಟವೆಲ್ ಹೆಗಲಿಗೆ ಹಾಕಿಕೊಂಡು, ಕಣ್ಣು ಅಗಲಿಸಿ, ಮೂರರ ಬದಲು ಆರು ಸಲ ಬಾಗಿ, ಪೃಷ್ಠ ಹಿಂದಕ್ಕೆ ಚಾಚಿ ಹಿಂದೆ ಹಿಂದೆ ನಡೆದೆ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಚಿಕ್ಕಮ್ಮನೂ ನಕ್ಕರು. ಅವರ ನಗು ಎಲ್ಲದಕ್ಕಿಂತ ಮೇಲೆ ಕೇಳಿಸುತ್ತದೆ, ಕೊನೆಯಲ್ಲಿ ಒಂದು ಬಿಕ್ಕಳಿಕೆ ಬರುತ್ತದೆ. ನಾನು ಇನ್ನೂ ಹುರುಪಿನಿಂದ ಹಿಂದಕ್ಕೆ ಹೋಗಿ ಸ್ಟ್ಯಾಂಡಿಗೆ ಡಿಕ್ಕಿ ಹೊಡೆದು, ಮುಂಬಾಗಿಲಿನ ಗಾಜಿಗೆ ಬೆನ್ನು ತಾಗಿಸಿ, ಚಪ್ಪಾಳೆ ಬಿದ್ದ ಮೇಲೆ ತಿರುಗಿದೆ.

ಗಾಜಿನ ಆಚೆ ಅಜ್ಜಿ ನಿಂತಿದ್ದರು. ಬರಿಗಾಲಲ್ಲಿ. ಶೂ ಮರೆತು ಹೋಗಿದ್ದರು, ತೆಗೆದುಕೊಳ್ಳಲು ಬಂದಿದ್ದರು.

ನಾನು ಬಾಗಿಲು ತೆರೆದೆ. ಅವರು ನನ್ನ ಮುಖ ನೋಡಲಿಲ್ಲ. ಬಗ್ಗಿ ಶೂ ಎತ್ತಿಕೊಂಡರು, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಹೋದರು. ಒಳಗಿನವರಿಗೆ ಏನೂ ಕಂಡಿರಲಿಲ್ಲ. ನಾನೂ ಹೇಳಲಿಲ್ಲ. ಐಟಂ ಮುಗಿದ ಮೇಲೆ ಕೊಟ್ಟ ಕೋಸಂಬರಿ ತಿಂದೆ.

ಮರುದಿನದಿಂದ ಬೇಲಿಯ ಮೇಲೆ ಸೊಪ್ಪು ಬರಲಿಲ್ಲ. ಚಿಕ್ಕಮ್ಮ ಹೀರೇಕಾಯಿ ಇಟ್ಟರೆ ಅದು ಅಲ್ಲೇ ಬಾಡಿತು. ನಾಲ್ಕು ಗಂಟೆಗೆ ಒಬ್ಬರೇ ಹದಿನೈದು ದಿನ ನಡೆದರು, ಆಮೇಲೆ ಮಂಡಿ ನೋವೆಂದು ಬಿಟ್ಟರು. ಮಂಡಿಯಲ್ಲಿ ಏನೂ ಇರಲಿಲ್ಲ. "ನಮ್ಮ ಕುಂಕುಮ ಅವರಿಗೆ ಆಗ್ಲಿಲ್ಲ, ಬಿಡು," ಎನ್ನುತ್ತಿದ್ದರು. ನಾನು ವಾರಕ್ಕೊಮ್ಮೆ ಬಂದು, ಆ ಮಾತು ಕೇಳಿ, ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದೆ. ಊರಿನವರನ್ನೆಲ್ಲ ಆಡಿ ತೋರಿಸುವವನಿಗೆ ಒಂದು ವಾಕ್ಯ ಬಾಯಿಂದ ಬರಲಿಲ್ಲ. ಇಂಥ ಹೇಡಿಯನ್ನು ಅಣಕಿಸುವವರು ಯಾರೂ ನಮ್ಮ ಕೂಟದಲ್ಲಿಲ್ಲ, ಇದ್ದವನು ನಾನೊಬ್ಬನೇ.

ಕಳೆದ ಚಳಿಗಾಲದಲ್ಲಿ ಆಫೀಸಿನ ಗೆಳೆಯನೊಬ್ಬ ಕತ್ತಿ ಗುರಾಣಿ ನೋಡಬೇಕೆಂದು ನನ್ನನ್ನು ಮ್ಯಾನ್‌ಹಟನ್ನಿನ ದೊಡ್ಡ ಮ್ಯೂಸಿಯಂ ಒಂದಕ್ಕೆ ಎಳೆದುಕೊಂಡು ಹೋದ. ದಾರಿ ತಪ್ಪಿ ಚೀನಾದ ವಿಭಾಗಕ್ಕೆ ನುಗ್ಗಿದೆವು. ಅಲ್ಲಿ ಒಂದು ಜೋಡಿ ಕಲ್ಲಿನ ಕದಗಳು ನಿಂತಿದ್ದವು, ನಿಜವಾಗಿ ತಿರುಗುವಂಥವು. ಮೇಲೆ ಕೆಳಗೆ ಕಲ್ಲಿನದೇ ದುಂಡನೆಯ ಗೂಟ, ಹೊಸ್ತಿಲ ಗುಣಿಯಲ್ಲಿ ಕೂರುವುದಕ್ಕೆ. ಮೇಲ್ಭಾಗದಲ್ಲಿ ಬಾಲ ಕೆದರಿದ ಹಕ್ಕಿ, ನಡುವೆ ಬಳೆ ಕಚ್ಚಿದ ಮೃಗದ ಮುಖ, ಕೆಳಗೆ ತಲೆ ತಗ್ಗಿಸಿ ತಿವಿಯಲು ಬರುವ ಒಂಟಿಕೋಡಿನ ಪ್ರಾಣಿ. ಪಕ್ಕದ ಗೋಡೆಯಲ್ಲಿ ಇನ್ನೊಂದು ಚಪ್ಪಡಿ: ಸರಿದ ಕದ, ಇಣುಕುವ ಹೆಂಗಸು. ನಮ್ಮವಳ ಅಕ್ಕನೋ ತಂಗಿಯೋ ಎನ್ನುವಷ್ಟು ಹೋಲಿಕೆ. ಕೆಳಗಿನ ಬರಹದ ಮೊದಲ ಸಾಲಿನಲ್ಲೇ ಇತ್ತು, ಗೋರಿಯ ಒಳಗಿನ ಹಿಂಗೋಡೆಯದು ಎಂದು.

ಗೆಳೆಯನನ್ನು ಕತ್ತಿಗಳ ಕಡೆ ಕಳಿಸಿ ನಾನು ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಓದಿದೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿನ ಜನ ಸತ್ತವರಿಗೆ ನೆಲದಡಿಯಲ್ಲಿ ಮನೆ ಕಟ್ಟುತ್ತಿದ್ದರು. ಒಲೆ, ಬಾವಿ, ಕಣಜ, ಕುರ್ಚಿ, ಮೇಜು, ಮೇಜಿನ ಮೇಲೆ ಬಟ್ಟಲು, ಎಲ್ಲ ಮಣ್ಣಿನದು ಅಥವಾ ಕಲ್ಲಿನದು. ಹಕ್ಕಿ ದಕ್ಷಿಣ ದಿಕ್ಕಿನ ಕಾವಲು, ಮೃಗದ ಮುಖ ಕೆಟ್ಟದ್ದನ್ನು ಹೆದರಿಸುವುದಕ್ಕೆ, ಕೋಡು ನುಗ್ಗುವವರನ್ನು ತಿವಿಯುವುದಕ್ಕೆ. ಆ ಬಳೆ ತಟ್ಟುವುದಕ್ಕೆ ಇದ್ದದ್ದಲ್ಲ. ಅಷ್ಟೂ ಏರ್ಪಾಡು ಹೊರಗಿನವರು ಒಳಗೆ ಬಾರದಿರಲಿ ಎಂದು, ಅಂದರೆ ನಮ್ಮಂಥವರು. ಆ ಒಂಟಿಕೋಡು ಇಷ್ಟು ಶತಮಾನ ತಲೆ ತಗ್ಗಿಸಿ ನಿಂತದ್ದು ಯಾರನ್ನೂ ತಡೆಯಲಿಲ್ಲ. ಇಣುಕುವ ಹೆಂಗಸು ಯಾರು, ಬರುತ್ತಿದ್ದಾಳೋ ಹೋಗುತ್ತಿದ್ದಾಳೋ, ಹಿಂದೆ ಇನ್ನೊಂದು ಕೋಣೆ ಇದೆ ಎಂದು ತೋರಿಸುತ್ತಿದ್ದಾಳೋ, ತಿಳಿದವರಲ್ಲಿ ಒಮ್ಮತವಿಲ್ಲ ಎಂದು ಬರೆದಿತ್ತು. ನಾವು ಹೆಬ್ಬೆರಳು ನೋಡಿ ಐದು ನಿಮಿಷದಲ್ಲಿ ತೀರ್ಮಾನ ಮಾಡಿದ್ದೆವು.

ಆ ಭಾನುವಾರ ಮನೆಯಲ್ಲಿ ಫೋಟೋ ತೋರಿಸಿದೆ. ಚಿಕ್ಕಪ್ಪ ಸತ್ತ ದಂತವೈದ್ಯರ ರಿಕ್ಲೈನರಿನಿಂದ ಒಮ್ಮೆಲೇ ಎದ್ದರು.

"ಗೋರಿ ಕಲ್ಲೇನ ಇದು? ಏ ತಮ್ಮಾ, ಮನ್ಯಾಗ ಇಟ್ಟು ಪೂಜಾ ಮಾಡೀವಲ್ಲೋ. ಸೂತಕ ಬಂತಲ್ಲ ಮನೀಗೆ."

ಪುರೋಹಿತರಿಗೆ ಫೋನು ಹೋಯಿತು. ಅವರು ಕಲ್ಲನ್ನು ತಕ್ಷಣ ಹೊರಗಿಡಿ, ಶಾಂತಿ ಮಾಡಿಸೋಣ, ಇನ್ನೊಂದು ವಾರ ಬಿಟ್ಟು ದಿನ ಹೇಳುತ್ತೇನೆ ಎಂದರು. ಹಬ್ಬಕ್ಕೆ ಬಂದಿದ್ದ ಹದಿನೈದು ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ನಮಗೂ ತಗುಲುತ್ತದೆಯೇ, ತಲೆಸ್ನಾನ ಸಾಕೇ ಎಂಬ ಚರ್ಚೆ ಎರಡು ದಿನ ನಡೆಯಿತು. ಇಲ್ಲಿ ನನಗೆ ನಿಜವಾಗಿ ರೇಗಿತು. ಸತ್ತವರ ಕುರ್ಚಿಯಲ್ಲಿ ಕೂತು, ಸತ್ತವರ ಮೇಜಿನ ಮೇಲೆ ಸತ್ತವರ ತಟ್ಟೆಯಲ್ಲಿ ಉಪ್ಪಿಟ್ಟು ತಿನ್ನುತ್ತ ಈ ಜನ ಸೂತಕದ ಲೆಕ್ಕ ಹಾಕುತ್ತಿದ್ದರು. ತಮಗೆ ಏನು ತಗುಲಿತು ಎಂದು ಎಲ್ಲರೂ ಕೇಳಿದರು. ಆ ಗೋರಿ ಯಾರದು, ಅಲ್ಲಿ ಮಲಗಿದ್ದವರಿಗೆ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಎಲ್ಲೋ ಒಂದು ಊರಿನ ನೆಲದಡಿಯ ಮನೆಯಲ್ಲಿ ಹಿಂಗೋಡೆ ಇದ್ದ ಜಾಗದಲ್ಲಿ ಈಗ ಮಣ್ಣು ಕಾಣುತ್ತಿದೆ. ಅದನ್ನು ಉಳಿಯಿಂದ ಕಿತ್ತವನು ಒಬ್ಬ, ಹಡಗಿಗೆ ಹಾಕಿದವನು ಒಬ್ಬ, ಹಿತ್ತಲಲ್ಲಿ ಶೋಕಿಗೆ ನಿಲ್ಲಿಸಿಕೊಂಡವನು ಒಬ್ಬ, ಕೆನ್ನೆಗೆ ಅರಿಶಿನ ಬಳಿದವರು ನಾವು.

ಪ್ರಿನ್ಸ್‌ಟನ್ನಿನಲ್ಲಿ ಇಂಥದ್ದನ್ನು ಓದಿದ ಪ್ರೊಫೆಸರ್ ಒಬ್ಬರಿಗೆ ಬರೆದೆ. ಆಕೆ ಬಂದು, ಗರಾಜಿನಲ್ಲಿ ಹಳೆಯ ಬೆಡ್‌ಶೀಟ್ ಸುತ್ತಿಕೊಂಡು ನಿಂತಿದ್ದ ಕಲ್ಲನ್ನು ಬಹಳ ಹೊತ್ತು ನೋಡಿದರು. ಹಳೆಯದೇ ಇರಬಹುದು, ಎಲ್ಲಿಂದ ಕಿತ್ತದ್ದೆಂದು ಕಾಗದವಿಲ್ಲ, ಕಾಗದವಿಲ್ಲದ್ದನ್ನು ಯಾವ ಮ್ಯೂಸಿಯಮ್ಮೂ ಮುಟ್ಟುವುದಿಲ್ಲ, ಕಳುವಾದ ಇಂಥ ಕಲ್ಲುಗಳ ಮೂಲ ಹುಡುಕುವವರಿಗೆ ಫೋಟೋ ಕಳಿಸುತ್ತೇನೆ, ಅಲ್ಲಿಯವರೆಗೆ ದಯವಿಟ್ಟು ಮಾರಬೇಡಿ ಎಂದರು. ಚಿಕ್ಕಪ್ಪ ತಲೆಯಾಡಿಸಿದರು. ಮುಂದಿನ ತಿಂಗಳು ಎಡಿಸನ್ ಕಡೆಯ ಬ್ಯಾಂಕ್ವೆಟ್ ಹಾಲಿನವನೊಬ್ಬನಿಗೆ ಮಾತು ಕೊಟ್ಟು ಬಂದರು. ಅವನು ಮೃಗದ ಬಾಯಿಗೆ ಪೈಪು ಕೂರಿಸಿ ಕಾರಂಜಿ ಮಾಡುತ್ತಾನಂತೆ.

"ಮದುವಿ ಹಾಲಿನ್ಯಾಗ ಚಂದ ಕಾಣತದ," ಎಂದರು.

ಅಂದು ಚಿಕ್ಕಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದರು. ಚಿಕ್ಕಪ್ಪ ಮೇಲೆ ಹೋದ ಮೇಲೆ, "ಆವತ್ತು ಅಜ್ಜಿಗೆ ಗೊತ್ತಾಗಿತ್ತು ಅನ್ಸತ್ತೆ. ಅದಕ್ಕೇ ಕುಂಕುಮ ತಗೊಳ್ಲಿಲ್ಲ. ಆದ್ರೆ ಮಾತು ಯಾಕೆ ಬಿಡ್ಬೇಕು?" ಎಂದರು.

ಆಗ ಹೇಳಿದೆ. ಶೂ, ಗಾಜು, ಟವೆಲ್, ಎಲ್ಲ. ಚಿಕ್ಕಮ್ಮನ ಚಾಕು ನಿಂತಿತು.

"ಎರಡು ವರ್ಷದಿಂದ ಗೊತ್ತಿದ್ದೂ ನನ್ನ ಮುಂದೆ ಕೂತು ಉಣ್ತಿದ್ಯಾ?"

"ಹೂಂ."

"ಹೋಗಿ ಅವರಿಗೆ ಮುಖ ತೋರ್ಸು. ಆಮೇಲೆ ನಂಗೆ ತೋರ್ಸು."

ಹೋದೆ. ಮೊಮ್ಮಗಳು ಗ್ರೇಸ್ ಬಾಗಿಲು ತೆಗೆದಳು. ಕಾಲೇಜು ಓದುವ ಹುಡುಗಿ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀನು ಆವತ್ತಿನವನು," ಎಂದಳು ಇಂಗ್ಲಿಷಿನಲ್ಲಿ. ಅಜ್ಜಿ ಒಳಗೆ ಕಡಲೆಕಾಯಿ ಬಿಡಿಸುತ್ತಿದ್ದರು. ಫೋನು ನೋಡಿ ಬಾಯಿಪಾಠ ಮಾಡಿದ್ದ ಕ್ಷಮೆಯ ವಾಕ್ಯವನ್ನು ಚೀನೀ ಭಾಷೆಯಲ್ಲಿ ಒಪ್ಪಿಸಿದೆ. ಅಜ್ಜಿ ಗ್ರೇಸ್ ಕಡೆ ತಿರುಗಿ ಏನೋ ಹೇಳಿದರು.

"ಯಾಕೆ ನ್ಯೂಸ್ ಓದುವವನ ಹಾಗೆ ಮಾತಾಡ್ತಾನೆ ಅಂತ ಕೇಳ್ತಿದಾರೆ," ಎಂದಳು ಗ್ರೇಸ್. ಆಮೇಲೆ, "ಮಾಡಿ ತೋರಿಸಬೇಕಂತೆ."

"ಏನನ್ನ?"

"ಆವತ್ತು ಮಾಡಿದ್ದು. ಅಜ್ಜಿಯನ್ನ."

ಜೀವನದಲ್ಲಿ ಅಷ್ಟು ಕೆಟ್ಟದಾಗಿ ಯಾವ ಐಟಮ್ಮನ್ನೂ ಮಾಡಿಲ್ಲ. ಅಜ್ಜಿ ಎದ್ದು ಬಂದು ನನ್ನ ಮೊಣಕೈಗೆ ಒಂದು ಏಟು ಕೊಟ್ಟು ಮೇಲೆತ್ತಿದರು. ಬೆನ್ನಿಗೆ ಅಂಗೈ ಇಟ್ಟು ಒತ್ತಿದರು. ಹಿಂದೆ ತಿರುಗಿ ನೋಡಲು ಹೋದರೆ ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿದರು. ಹಿಮ್ಮಡಿಯಿಂದ ದಾರಿ ತಡವಬೇಕು, ಕಣ್ಣಿನಿಂದಲ್ಲ. ಏಳು ಸಲ ಮಾಡಿಸಿದರು. ಏಳನೆಯ ಸಲ ಸುಮ್ಮನೆ ತಲೆಯಾಡಿಸಿ ಕೂತು, ಮಾತಾಡತೊಡಗಿದರು. ಗ್ರೇಸ್ ನಿಂತು ನಿಂತು ಇಂಗ್ಲಿಷ್ ಮಾಡಿದಳು.

ಇದನ್ನು ಅವರ ಅತ್ತೆ ಕಲಿಸಿದ್ದಂತೆ. ಗಂಡನನ್ನು ಮಣ್ಣು ಮಾಡಿ ಗೋರಿಯ ಕಲ್ಲು ಮುಚ್ಚಿದ ದಿನ, ಅಜ್ಜಿ ಹೀಗೇ ಗುಡ್ಡದ ದಾರಿ ಪೂರ್ತಿ ಹಿಂದಕ್ಕೆ ನಡೆದು ಇಳಿದಿದ್ದರಂತೆ. ನಾನು ಪೃಷ್ಠ ಚಾಚಿ ಹದಿನೈದು ಜನರನ್ನು ನಗಿಸಿದ್ದು ಅದನ್ನು.

ಏನಾದರೂ ಕೇಳಬೇಕೆಂದು, ಆವತ್ತಿನ ಹಾಡಿನ ಅರ್ಥ ಹೇಳಿ, ಕಲ್ಲಿನ ಹೆಂಗಸು ಬರುತ್ತಿದ್ದಾಳೋ ಹೋಗುತ್ತಿದ್ದಾಳೋ ಎಂದು ಕೇಳಿದೆ. ಅಜ್ಜಿಗೆ ಇದರಲ್ಲಿ ಯಾವ ಸಂಶಯವೂ ಇರಲಿಲ್ಲ. ಅವಳು ಎಲ್ಲಿಗೂ ಹೋಗುತ್ತಿಲ್ಲ. ಒಳಗೆ ಒಬ್ಬರು ಮಲಗಿದ್ದಾರೆ, ಹೊರಗೆ ಸದ್ದಾಯಿತು, ಯಾರೆಂದು ನೋಡಲು ಬಂದಿದ್ದಾಳೆ. ನೋಡಿ ಕದ ಹಾಕಿಕೊಳ್ಳುತ್ತಾಳೆ. ನೀವು ಅವಳ ಮುಖಕ್ಕೆ ಬಣ್ಣ ಬಳಿದು, ದೀಪ ಹಚ್ಚಿ, ಹದಿನೈದು ಜನ ಕೂತು ಕೂಗಿ ಕರೆದಿರಿ. ಅವಳು ಬಂದುಬಿಟ್ಟರೆ ಒಳಗಿರುವವರನ್ನು ನೋಡಿಕೊಳ್ಳುವವರು ಯಾರು?

"ಈಗ ಅವಳ ಮುಖದ ಮೇಲೆ ಏನಿದೆ ಅಂತ ಕೇಳ್ತಿದಾರೆ," ಎಂದಳು ಗ್ರೇಸ್.

"ಅರಿಶಿನ. ಇನ್ನೂ ಹಾಗೇ ಇದೆ."

"ತೊಳಿಯಂತೆ."

ಏಳುವಾಗ ಚಿಕ್ಕಮ್ಮನ ವಿಷಯ ತೆಗೆದೆ, ಅವರ ತಪ್ಪೇನಿಲ್ಲ, ಮಾಡಿದ್ದೆಲ್ಲ ನಾನು ಎಂದೆ. ಅಜ್ಜಿ ಬಿಡಿಸಿದ ಕಡಲೆಕಾಯಿಯ ಸಿಪ್ಪೆ ಒತ್ತಟ್ಟಿಗೆ ಸರಿಸುತ್ತ ಉತ್ತರ ಕೊಟ್ಟರು. ಗ್ರೇಸ್ ಅದನ್ನು ಇಂಗ್ಲಿಷಿಗೆ ತಂದಳು: "ನೀನು ಯಾರೋ. ನಿನ್ನ ಮೇಲೆ ಏನು ಬೇಜಾರು ಅಂತಾರೆ. ಒಳಗಿಂದ ನಿನ್ನ ಚಿಕ್ಕಮ್ಮನ ನಗು ಕೇಳಿಸಿತಂತೆ. ಆ ನಗು ಅಜ್ಜಿಗೆ ಚೆನ್ನಾಗಿ ಗೊತ್ತು."

ಅದನ್ನು ಬಂದು ಚಿಕ್ಕಮ್ಮನಿಗೆ ಒಂದಕ್ಷರ ಬಿಡದೆ ಹೇಳಿದೆ. ಅವರು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೂತಿದ್ದರು. ಆಮೇಲೆ ಮೇಲೆ ಹೋಗಿ ಚಿಕ್ಕಪ್ಪನ ಮುಂದೆ ನಿಂತರು.

"ಆ ಮದ್ವೆ ಹಾಲ್‌ನವನಿಗೆ ಬರ್ಬೇಡಾ ಅಂತ ಹೇಳಿ. ಅವಳನ್ನ ಮಾರಲ್ಲ."

"ಮಾತು ಕೊಟ್ಟೇನಿ. ಮತ್ತ ಇಟ್ಕೊಂಡು ಏನ್ ಮಾಡೂದು? ಕಾರ್ ಎಲ್ಲಿ ನಿಲ್ಲಸ್ಲಿ ನಾ?"

"ಹೊರಗೆ ನಿಲ್ಸಿ."

"ಸ್ನೋ ಬೀಳತದ ಅದರ ಮ್ಯಾಲ."

"ಬೀಳ್ಲಿ. ನಿಮ್ಮ ಕಾರಿಗೆ ಊರಿದೆ, ಮನೆ ಇದೆ. ಅವಳ ಊರು ಗೊತ್ತಾಗೋವರ್ಗೂ ಅವಳು ಒಳಗಿರ್ತಾಳೆ."

ಹೀಗಾಗಿ ಇವತ್ತು ನಾನು ಇಲ್ಲಿ, ಪ್ರೊಫೆಸರ್ ಹೇಳಿಕೊಟ್ಟಂತೆ ಬರೀ ನೀರು ಮತ್ತು ಮೆತ್ತನೆಯ ಬ್ರಷ್ ಹಿಡಿದು ಕೂತಿರುವುದು. ಕೆನ್ನೆಯ ಹಳದಿ ಪೂರ್ತಿ ಹೋಗಿಲ್ಲ. ಮೂಗಿನ ಪಕ್ಕದ ಗೀರಿನಲ್ಲಿ ಒಂದು ಎಳೆ ಉಳಿದಿದೆ, ಹತ್ತು ಬಕೆಟ್ ಸುರಿದರೂ ಅದು ಇರುತ್ತದೆ. ಪ್ರೊಫೆಸರಿಂದ ಇನ್ನೂ ಸುದ್ದಿಯಿಲ್ಲ. ಕಲ್ಲನ್ನು ಹಿಂಗೋಡೆಗೆ ಸರಿಸಿ, ಮುಂದೆ ಜಾಗ ಬಿಟ್ಟಿದ್ದೇವೆ. ದೀಪವಿಲ್ಲ, ಹೂವಿಲ್ಲ, ಅವಳನ್ನು ಯಾರೂ ಕರೆಯುತ್ತಿಲ್ಲ. ಚಿಕ್ಕಪ್ಪನ ಕಾರು ಹೊರಗೆ ನಿಂತು, ಮರದಿಂದ ಬೀಳುವುದನ್ನೆಲ್ಲ ತಲೆಯ ಮೇಲೆ ಹಾಕಿಸಿಕೊಳ್ಳುತ್ತಿದೆ.

ನಾಲ್ಕು ಗಂಟೆಗೆ ಅಜ್ಜಿ ಗ್ರೇಸ್ ಜೊತೆ ಡ್ರೈವ್‌ವೇ ಹತ್ತಿ ಬಂದರು. ನನ್ನನ್ನು ಪಕ್ಕಕ್ಕೆ ಸರಿಸಿ ಕಲ್ಲಿನ ಮುಂದೆ ನಿಂತು, ಮುಖವನ್ನು ಹತ್ತಿರದಿಂದ ನೋಡಿ, ಮೂರು ಸಲ ಬಾಗಿ, ಹಿಂದಕ್ಕೆ ನಡೆದು ಹೊರಗೆ ಹೋದರು. ಅಲ್ಲಿ ಚಿಕ್ಕಮ್ಮ ಬರಿಗೈಯಲ್ಲಿ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾನು ಕಣ್ಣೀರು ಬರಬಹುದು, ಕೈ ಹಿಡಿಯಬಹುದು ಎಂದುಕೊಂಡೆ.

ಅಜ್ಜಿ ಬೈಯಲು ಶುರು ಮಾಡಿದರು. ಬೆರಳು ಚಿಕ್ಕಮ್ಮನ ಎದೆಯ ಹತ್ತಿರ ಆಡುತ್ತಿತ್ತು, ದನಿ ರಸ್ತೆಯ ಕೊನೆಗೆ ಕೇಳುವಂತಿತ್ತು. ಚಿಕ್ಕಮ್ಮ ಒಂದು ನಿಮಿಷ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಅವರೂ ಶುರು ಮಾಡಿದರು.

"ನಕ್ಕಿದ್ದು ತಪ್ಪು ಕಣ್ರೀ, ನೂರು ಸಲ ತಪ್ಪು. ಅದಕ್ಕೆ ಎರಡು ವರ್ಷ ಮಾತು ಬಿಡೋದಾ? ಬಂದು ಕೆನ್ನೆಗೆ ಬಾರಿಸ್ಬಹುದಿತ್ತಲ್ಲ. ನನ್ನ ಹೀರೇಕಾಯಿ ಬೇಲಿ ಮೇಲೆ ಕೊಳೀತು, ಗೊತ್ತಾ ನಿಮಗೆ?"

ಗ್ರೇಸ್ ಮಧ್ಯೆ ಹೋಗಿ, ನಾನು ಟ್ರಾನ್ಸ್‌ಲೇಟ್ ಮಾಡಲೇ ಎಂದಳು. ಇಬ್ಬರೂ ಒಟ್ಟಿಗೆ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದರು. ಹಾಗೇ ಬೈದುಕೊಳ್ಳುತ್ತ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು ಬೀಳುವ ವೇಗದಲ್ಲಿ, ಇಬ್ಬರೂ ರಸ್ತೆಗಿಳಿದು ನಡೆಯತೊಡಗಿದರು. ಚಿಕ್ಕಮ್ಮನ ಮಂಡಿಗೆ ಏನೂ ಆಗಲಿಲ್ಲ.

ಚಿಕ್ಕಪ್ಪ ಕಾಫಿ ಲೋಟ ಹಿಡಿದು ಹೊರಗೆ ಬಂದು, ದೂರ ಹೋಗುತ್ತಿದ್ದ ಇಬ್ಬರನ್ನೂ ನೋಡಿದರು.

"ಏನ್ ಜಗಳಾಡಾಕತ್ತಾರಲೇ? ನೀ ಮಾಡಿ ತೋರಸು ನೋಡೂಣು. ಇಬ್ಬರ್ನೂ."

ಅಜ್ಜಿ ಆಗ ನಿಂತು, ಚಿಕ್ಕಮ್ಮನ ಸೆರಗು ಹಿಡಿದೆಳೆದು, ಮತ್ತೆ ಏನನ್ನೋ ಮೊದಲಿನಿಂದ ಹೇಳುತ್ತಿದ್ದರು. ಚಿಕ್ಕಮ್ಮ ತಲೆ ಅಡ್ಡಡ್ಡ ಆಡಿಸುತ್ತಿದ್ದರು.

"ಅದು ನನಗೆ ಬರಲ್ಲ, ಚಿಕ್ಕಪ್ಪ," ಎಂದೆ.